ಉಡಾವಣೆಯ ಹೊತ್ತಿನ ಮುಖ

1960ರ ಆಗಸ್ಟ್ 19ರಂದು ಬೈಕನೂರಿನಿಂದ ಮೇಲೇರಿದ ಸೋವಿಯತ್ ನೌಕೆಯಲ್ಲಿ ಬೆಲ್ಕಾ, ಸ್ಟ್ರೆಲ್ಕಾ ಎಂಬ ಎರಡು ಹೆಣ್ಣು ನಾಯಿಗಳಿದ್ದವು. ಮಾಸ್ಕೋದ ಬೀದಿಗಳಿಂದ ಹಿಡಿದು ತಂದು ಪಳಗಿಸಿದ ನಾಯಿಗಳು. ಅವುಗಳ ಎದುರಿಗೊಂದು ಟೆಲಿವಿಷನ್ ಕ್ಯಾಮೆರಾ ಕೂರಿಸಿದ್ದರು. ಮೂರೇ ವಾರದ ಹಿಂದೆ, ಜುಲೈ 28ರಂದು, ಇಂಥದ್ದೇ ನೌಕೆಯಲ್ಲಿದ್ದ ಚೈಕಾ ಮತ್ತು ಲಿಸಿಚ್ಕಾ ರಾಕೆಟ್ ಸಿಡಿದು ಸತ್ತಿದ್ದವು. ಹೀಗಾಗಿ ಈ ಸಲ ನೆಲದಲ್ಲಿದ್ದ ವೈದ್ಯರ ಕಣ್ಣೆಲ್ಲ ಪರದೆಯ ಮೇಲೆ. ಮೊದಮೊದಲು ಕಂಡದ್ದು ಮಿಸುಕಾಡದೆ ಬಿದ್ದಿದ್ದ ಎರಡು ದೇಹಗಳು. ನಾಡಿ ಮತ್ತು ಉಸಿರಾಟದ ಅಂಕಿಗಳು ಬರದೇ ಹೋಗಿದ್ದರೆ ಸತ್ತೇಹೋದವು ಅಂದುಕೊಳ್ಳಬೇಕಿತ್ತು. ಆಮೇಲೆ ಮೆಲ್ಲಗೆ ತಲೆ ಎತ್ತಿದವು. ನಾಲ್ಕನೇ ಸುತ್ತಿನಲ್ಲಿ ಬೆಲ್ಕಾ ಕಟ್ಟು ಬಿಡಿಸಿಕೊಳ್ಳಲು ಒದ್ದಾಡಿತು, ವಾಂತಿ ಮಾಡಿತು.

ಮರುದಿನ ಎರಡೂ ನಾಯಿಗಳು ಜೀವಂತವಾಗಿ ಇಳಿದವು, ಲೋಕಪ್ರಸಿದ್ಧವಾದವು. ಆದರೆ ವ್ಲಾದಿಮಿರ್ ಯಜ್ದೋವ್‌ಸ್ಕಿಯವರ ನೇತೃತ್ವದ ವೈದ್ಯರ ತಂಡಕ್ಕೆ ಆ ನಾಲ್ಕನೇ ಸುತ್ತಿನ ಚಿತ್ರ ಮರೆಯಲಿಲ್ಲ. ಮನುಷ್ಯನನ್ನು ಕಳಿಸುವುದಾದರೆ ಮೊದಲ ಸಲ ಒಂದೇ ಒಂದು ಸುತ್ತು ಸಾಕು ಎಂದು ಅವರು ಪಟ್ಟುಹಿಡಿದರು. ಯೂರಿ ಗಗಾರಿನ್ ಭೂಮಿಯನ್ನು ಒಂದೇ ಬಾರಿ ಸುತ್ತಿ 108 ನಿಮಿಷದಲ್ಲಿ ಮರಳಿದ್ದರ ಹಿಂದೆ ಒಂದು ನಾಯಿಯ ಸಂಕಟವಿದೆ. ಆ ಸಂಕಟವನ್ನು ಕಣ್ಣಾರೆ ಕಂಡ ಒಂದು ಕ್ಯಾಮೆರಾ ಇದೆ. ನಾಡಿಯ ಗೆರೆ ಬಡಿತ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಹೇಳಬಲ್ಲದು. ಪ್ರಾಣಿ ತನ್ನ ಹಗ್ಗವನ್ನು ಜಗ್ಗುತ್ತಿದೆ ಎಂದು ಅದು ಹೇಳಲಾರದು.

ಕ್ಯಾಬಿನ್ನಿನೊಳಗೆ ಕ್ಯಾಮೆರಾ ಬಂದದ್ದು ಹೀಗೆ, ವೈದ್ಯರ ಸಾಧನವಾಗಿ. ಇವತ್ತು ನಾವು ಮೊಬೈಲಿನಲ್ಲಿ ನೋಡುವ ಸ್ಫುಟವಾದ ನೇರ ಪ್ರಸಾರದಲ್ಲಿ ಬಿಳಿ ಉಡುಪಿನ ಯಾನಿಗಳು ಹೆಬ್ಬೆರಳು ಎತ್ತಿ ತೋರಿಸುತ್ತಾರೆ, ಗೊಂಬೆ ತೇಲುತ್ತದೆ. ಅದನ್ನು ಪ್ರಚಾರದ ಸರಕು ಎಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ನೋಡಲಾರೆ. ಉಡಾವಣೆಯ ಆ ಎಂಟು ಒಂಬತ್ತು ನಿಮಿಷಗಳಲ್ಲಿ ನೆಲಕ್ಕೆ ಬರುವ ಸಾವಿರಾರು ಅಂಕಿಗಳ ನಡುವೆ ಮುಖವೊಂದೇ ಯಾರ ವ್ಯಾಖ್ಯಾನವೂ ಬೇಡದ ಮಾಹಿತಿ. ಅದನ್ನು ಯಾರು ನೋಡಬಹುದು, ಯಾವಾಗ ನೋಡಬಹುದು ಎಂಬುದು ಮಾತ್ರ ಅರವತ್ತು ವರ್ಷಗಳಲ್ಲಿ ಬದಲಾಗುತ್ತ ಬಂದಿದೆ. ಆ ಬದಲಾವಣೆಯ ಕಥೆ ದೊಡ್ಡದು.

ಗಗಾರಿನ್ ಹಾರಿದ್ದು 1961ರ ಏಪ್ರಿಲ್ 12ರಂದು. ಅವರ ಎದುರಿದ್ದ ಟೆಲಿವಿಷನ್ ವ್ಯವಸ್ಥೆಯ ಹೆಸರು ‘ಸೆಲಿಗೆರ್’. ಲೆನಿನ್‌ಗ್ರಾದಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ತಯಾರಾದದ್ದು. ಆ ಕಾಲದ ಸೋವಿಯತ್ ಮನೆಗಳ ಟಿ.ವಿ.ಯಲ್ಲಿ 625 ಗೆರೆಗಳ ಚಿತ್ರ, ಸೆಕೆಂಡಿಗೆ 25ರಂತೆ ಮೂಡುತ್ತಿತ್ತು. ಸೆಲಿಗೆರ್ ಕಳಿಸುತ್ತಿದ್ದದ್ದು 100 ಗೆರೆಗಳ ಚಿತ್ರ, ಸೆಕೆಂಡಿಗೆ 10. ಶಿರಸ್ತ್ರಾಣದೊಳಗಿನ ಒಂದು ಬೆಳ್ಳನೆಯ ಮುಖ, ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಕಲೆ, ಅಷ್ಟೇ. ಆದರೂ ಅದು ಸಾಕಿತ್ತು. ಮನುಷ್ಯ ಎಚ್ಚರವಾಗಿದ್ದಾನೆಯೇ, ಕೈ ಆಡಿಸುತ್ತಿದ್ದಾನೆಯೇ, ನಗುತ್ತಿದ್ದಾನೆಯೇ ಎಂಬುದು ನೂರು ಗೆರೆಗಳಲ್ಲಿ ಗೊತ್ತಾಗುತ್ತದೆ.

ಅಂದಿನ ಭಯ ಎಂಥದ್ದಿತ್ತು ಎಂಬುದನ್ನು ನೆನೆದರೆ ಈ ಕ್ಯಾಮೆರಾದ ಬೆಲೆ ತಿಳಿಯುತ್ತದೆ. ತೂಕವಿಲ್ಲದ ಸ್ಥಿತಿಯಲ್ಲಿ ಮನುಷ್ಯನಿಗೆ ಬುದ್ಧಿಭ್ರಮಣೆ ಆದೀತು ಎಂದು ಮನೋವೈದ್ಯರು ಗಂಭೀರವಾಗಿಯೇ ಶಂಕಿಸಿದ್ದರು. ಆದ್ದರಿಂದ ವೊಸ್ತೋಕ್ ನೌಕೆಯನ್ನು ಕೈಯಿಂದ ನಡೆಸುವ ವ್ಯವಸ್ಥೆಗೆ ಸಂಖ್ಯೆಯ ಬೀಗ ಹಾಕಿ, ಸಂಖ್ಯೆಯನ್ನು ಲಕೋಟೆಯಲ್ಲಿಟ್ಟು ಅಂಟಿಸಿದ್ದರು. ಲಕೋಟೆ ಒಡೆದು ಓದಿ ಒತ್ತುವಷ್ಟು ಬುದ್ಧಿ ಸ್ಥಿಮಿತದಲ್ಲಿದ್ದರೆ ಮಾತ್ರ ನಿಯಂತ್ರಣ ಕೈಗೆ. ಆ ಸಂಖ್ಯೆ 125. ನೌಕೆಯ ನಿರ್ಮಾತೃಗಳಿಗೆ ಮನಸ್ಸು ತಡೆಯದೆ ಹಾರುವ ಮೊದಲೇ ಅದನ್ನು ಗಗಾರಿನ್‌ಗೆ ಗುಟ್ಟಾಗಿ ಹೇಳಿಬಿಟ್ಟಿದ್ದರು. ಹುಚ್ಚು ಹಿಡಿದೀತೇ ಎಂದು ಸರ್ಕಾರಿ ಕಾಗದಪತ್ರಗಳು ಅನುಮಾನಿಸುತ್ತಿದ್ದ ಹೊತ್ತಿಗೆ, ಪರದೆಯ ಮೇಲೆ 27 ವರ್ಷದ ಆ ತರುಣ ಮುಗುಳ್ನಗುತ್ತಿದ್ದರು.

ಸೋವಿಯತ್ ಜನ ಅಂದು ಆ ನಗುವನ್ನು ಹಾರುವ ಹೊತ್ತಿನಲ್ಲಿ ನೋಡಲಿಲ್ಲ. ಅವರಿಗೆ ಸಿಕ್ಕಿದ್ದು ರೇಡಿಯೊದ ಘೋಷಣೆ. ನೋಡಿದವರು ಬೇರೆ ಇದ್ದರು. ಅಮೆರಿಕದ ಗುಪ್ತಚರ ಕೇಂದ್ರಗಳು ನೌಕೆಯ ಟೆಲಿವಿಷನ್ ಸಂಕೇತಗಳನ್ನು ಗಾಳಿಯಿಂದಲೇ ಹಿಡಿದುಕೊಂಡವು. ಉಡಾವಣೆಯಾದ 58 ನಿಮಿಷಗಳಲ್ಲಿ, ಒಳಗೆ ಜೀವಂತ ಮನುಷ್ಯ ಚಲಿಸುತ್ತಿದ್ದಾನೆ ಎಂಬುದು ಅವರಿಗೆ ಖಚಿತವಾಯಿತು. ಸ್ವಂತ ದೇಶದ ಜನಕ್ಕೆ ತೋರಿಸದ ಮುಖವನ್ನು ಎದುರಾಳಿ ದೇಶದ ಗೂಢಚಾರರು ನೋಡಿದರು! ಗುಟ್ಟು ಕಾಯುವ ಆಡಳಿತಗಳು ಕೊನೆಗೂ ಯಾರಿಂದ ಗುಟ್ಟು ಕಾಯುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಮರುವರ್ಷದ ಆಗಸ್ಟಿನಲ್ಲಿ ನಿಕೊಲಾಯೆವ್ ಮತ್ತು ಪೊಪೊವಿಚ್ ಜೋಡಿ ನೌಕೆಗಳಲ್ಲಿ ಹಾರಿದಾಗಷ್ಟೇ ಕ್ಯಾಬಿನ್ನಿನ ಚಿತ್ರ ಸೋವಿಯತ್ ಮನೆಗಳಿಗೆ ನೇರವಾಗಿ ಬಂತು. ಅದೂ ಕಕ್ಷೆ ಸೇರಿದ ಮೇಲಿನ ಚಿತ್ರ, ಹತ್ತುವಾಗಿನದಲ್ಲ.

ಅಮೆರಿಕನ್ನರ ಪದ್ಧತಿ ಬೇರೆ. ಉಡಾವಣೆಯನ್ನು ಹೊರಗಿನಿಂದ ಇಡೀ ಜಗತ್ತಿಗೆ ತೋರಿಸುತ್ತಿದ್ದರು, ಒಳಗಿನದನ್ನು ಫಿಲಂ ಮೇಲೆ ಮುದ್ರಿಸಿಕೊಂಡು ಆಮೇಲೆ ನೋಡುತ್ತಿದ್ದರು. ವೊಸ್ತೋಕ್ ನೌಕೆಯ ತೂಕ 4.7 ಟನ್ನು, ಮರ್ಕ್ಯುರಿ ನೌಕೆಯದು ಒಂದೂವರೆ ಟನ್ನಿಗೂ ಕಡಿಮೆ. ಟೆಲಿವಿಷನ್ ಸಲಕರಣೆ ಹೊರುವಷ್ಟು ಧಾರಾಳ ಅಲ್ಲಿರಲಿಲ್ಲ. ಬದಲಿಗೆ ಯಾನಿಯ ಮುಖಕ್ಕೆ ಗುರಿಯಿಟ್ಟ 16 ಎಂ.ಎಂ. ಕ್ಯಾಮೆರಾ ಇತ್ತು. 1961ರ ಜನವರಿ 31ರಂದು ಹಾರಿದ ಹ್ಯಾಮ್ ಎಂಬ ಚಿಂಪಾಂಜಿಯ ಮುಖ ಹೀಗೆ ದಾಖಲಾಯಿತು. ಮೇ 5ರಂದು ಅಲನ್ ಶೆಪರ್ಡ್, 1962ರ ಫೆಬ್ರುವರಿ 20ರಂದು ಜಾನ್ ಗ್ಲೆನ್. ಗ್ಲೆನ್‌ರ ಆ ಚಿತ್ರಗಳಲ್ಲಿ ಕಣ್ಣು ಒಂದು ಮೀಟರಿನಿಂದ ಇನ್ನೊಂದು ಮೀಟರಿಗೆ ಹರಿಯುವುದು ಕಾಣುತ್ತದೆ. ಭಾರ ಹಲವು ಪಟ್ಟು ಹೆಚ್ಚಿದಾಗ, ರಾಕೆಟ್ ಗಡಗಡ ನಡುಗುವಾಗ, ಕಣ್ಣು ಅಂಕಿಗಳನ್ನು ಓದಬಲ್ಲದೇ ಎಂಬುದು ಅಂದು ತೀರ ಪ್ರಾಯೋಗಿಕವಾದ ಪ್ರಶ್ನೆ. ಉತ್ತರ ಆ ಸುರುಳಿಯಲ್ಲಿತ್ತು.

ಫಿಲಮ್ಮಿನ ತೊಂದರೆ ಎಂದರೆ ನೌಕೆ ಸಿಕ್ಕರಷ್ಟೇ ಸುರುಳಿ ಸಿಕ್ಕೀತು. 1961ರ ಜುಲೈ 21ರಂದು ಗಸ್ ಗ್ರಿಸಮ್ ಅಟ್ಲಾಂಟಿಕ್‌ನಲ್ಲಿ ಇಳಿದ ಮೇಲೆ ನೌಕೆಯ ಬಾಗಿಲು ಅಕಾಲದಲ್ಲಿ ಸಿಡಿದು ತೆರೆಯಿತು. ಗ್ರಿಸಮ್ ಈಜಿ ಬದುಕಿದರು. ಲಿಬರ್ಟಿ ಬೆಲ್ ನೌಕೆ ತನ್ನ ದಾಖಲೆಗಳೊಂದಿಗೆ ಸಮುದ್ರದ ತಳ ಸೇರಿತು. ಅದನ್ನು ನಾಲ್ಕೂವರೆ ಕಿಲೋಮೀಟರ್ ಆಳದಿಂದ ಮೇಲೆತ್ತಿದ್ದು 38 ವರ್ಷಗಳ ಬಳಿಕ, 1999ರ ಜುಲೈನಲ್ಲಿ. ಅಮೆರಿಕದ ನೌಕೆಯೊಂದರಿಂದ ಟೆಲಿವಿಷನ್ ಚಿತ್ರ ಮೊದಲು ಬಂದದ್ದು 1963ರ ಮೇ ತಿಂಗಳಲ್ಲಿ, ಗಾರ್ಡನ್ ಕೂಪರ್ ಹಾರಿದಾಗ. ಎರಡು ಸೆಕೆಂಡಿಗೊಂದು ಚಿತ್ರ, ಅದೂ ಮಸುಕು.

ಸೋವಿಯತ್ ಉಡಾವಣೆಯೊಂದು ಮೊದಲ ಬಾರಿಗೆ ನೇರ ಪ್ರಸಾರವಾದದ್ದು 1975ರ ಜುಲೈ 15ರಂದು, ಅಮೆರಿಕನ್ನರೊಂದಿಗಿನ ಜಂಟಿ ಯಾನಕ್ಕಾಗಿ ಸೊಯುಜ್-19 ಹೊರಟಾಗ. ಜಗತ್ತು ನೋಡುತ್ತಿದ್ದ ಆ ದಿನವೇ ನೌಕೆಯೊಳಗಿನ ಟೆಲಿವಿಷನ್ ವ್ಯವಸ್ಥೆ ಕೈಕೊಟ್ಟಿತು. ಅಲೆಕ್ಸೇಯ್ ಲಿಯೊನೊವ್ ಮತ್ತು ವಲೇರಿ ಕುಬಾಸೊವ್ ಕಕ್ಷೆಯಲ್ಲಿ ಕೂತು ಅದನ್ನು ತಾವೇ ಬಿಚ್ಚಿ ರಿಪೇರಿ ಮಾಡಿದರು. ಅಷ್ಟರಲ್ಲಿ ಹತ್ತುವ ಹೊತ್ತು ಕಳೆದುಹೋಗಿತ್ತು.

ನಮ್ಮವರ ಸರದಿ ಬಂದದ್ದು 1984ರಲ್ಲಿ. ಬೆಂಗಳೂರಿನ ವಾಯುಯಾನ ವೈದ್ಯಕೀಯ ಸಂಸ್ಥೆಯಲ್ಲಿ ನಡೆದ ಪರೀಕ್ಷೆಗಳಲ್ಲಿ ತೇರ್ಗಡೆಯಾದ ರಾಕೇಶ್ ಶರ್ಮಾ ಮತ್ತು ರವೀಶ್ ಮಲ್ಹೋತ್ರಾ ರಷ್ಯಾದಲ್ಲಿ ತರಬೇತಿ ಪಡೆದರು. ಏಪ್ರಿಲ್ 3ರ ಸಂಜೆ, ನಮ್ಮ ಗಡಿಯಾರದಲ್ಲಿ 6 ಗಂಟೆ 38 ನಿಮಿಷಕ್ಕೆ, ಶರ್ಮಾ ಕೂತಿದ್ದ ಸೊಯುಜ್ ಟಿ-11 ಮೇಲೆದ್ದಿತು. ಭಾರತೀಯರ ನೆನಪಿನಲ್ಲಿ ಉಳಿದಿರುವುದು ಇಂದಿರಾ ಗಾಂಧಿಯವರೊಡನೆ ದೂರದರ್ಶನದಲ್ಲಿ ನಡೆದ ಆ ಮಾತುಕತೆ. ನನ್ನ ಮನಸ್ಸು ಹೋಗುವುದು ಅದೇ ನೌಕೆಯಲ್ಲಿದ್ದ ಗೆನ್ನಾದಿ ಸ್ತ್ರೆಕಾಲೊವ್ ಕಡೆಗೆ.

ಅದಕ್ಕೆ ಆರು ತಿಂಗಳ ಹಿಂದೆ, 1983ರ ಸೆಪ್ಟೆಂಬರ್ 26ರ ರಾತ್ರಿ, ಇದೇ ಸ್ತ್ರೆಕಾಲೊವ್ ವ್ಲಾದಿಮಿರ್ ತಿತೊವ್ ಜೊತೆ ಬೇರೊಂದು ಸೊಯುಜ್‌ನಲ್ಲಿ ಕೂತಿದ್ದರು. ಉಡಾವಣೆಗೆ ಸುಮಾರು ಒಂದೂವರೆ ನಿಮಿಷ ಇರುವಾಗ ರಾಕೆಟ್ಟಿನ ಬುಡಕ್ಕೆ ಬೆಂಕಿ ಬಿತ್ತು. ಬೆಂಕಿ ಮೊದಲು ಸುಟ್ಟದ್ದು ತಂತಿಗಳನ್ನು. ಹೊರಗೆ ಏನಾಗುತ್ತಿದೆ ಎಂಬುದು ಒಳಗಿನವರಿಗೆ ಕಾಣದು, ಕಿಟಕಿಗಳ ಮೇಲೆ ರಾಕೆಟ್ಟಿನ ಹೊದಿಕೆ. ಎರಡು ಸಲ ನಡುಕ ಬಂದದ್ದಷ್ಟೇ ಅವರಿಗೆ ಗೊತ್ತಾಯಿತು. ಪಾರುಮಾಡುವ ರಾಕೆಟ್ಟನ್ನು ಹೊತ್ತಿಸಲು ಬೇರೆ ಬೇರೆ ಕೋಣೆಗಳಲ್ಲಿದ್ದ ಇಬ್ಬರು ಅಧಿಕಾರಿಗಳು ಕೆಲವೇ ಸೆಕೆಂಡುಗಳ ಅಂತರದಲ್ಲಿ ಗುಂಡಿ ಒತ್ತಬೇಕಿತ್ತು. ಒತ್ತಿದರು. ನೌಕೆ ಚಿಮ್ಮಿತು, ಅದರ ಬೆನ್ನಿಗೇ ರಾಕೆಟ್ ಸಿಡಿದು ಕುಸಿಯಿತು. ಭೂಮಿಯ ಗುರುತ್ವದ 14ರಿಂದ 17 ಪಟ್ಟು ಭಾರ ತಡೆದುಕೊಂಡ ಇಬ್ಬರೂ ನಾಲ್ಕು ಕಿಲೋಮೀಟರ್ ದೂರದಲ್ಲಿ ಬದುಕಿ ಇಳಿದರು. ಮೇಲೆ ಹಾರಿದೊಡನೆ ತಾವು ಮಾಡಿದ ಮೊದಲ ಕೆಲಸವೆಂದರೆ ಕ್ಯಾಬಿನ್ನಿನ ಧ್ವನಿಮುದ್ರಕವನ್ನು ಆರಿಸಿದ್ದು, ಯಾಕೆಂದರೆ ಬಾಯಿಗೆ ಬಂದಂತೆ ಬೈಯುತ್ತಿದ್ದೆವು ಎಂದು ತಿತೊವ್ ಮುಂದೊಮ್ಮೆ ಹೇಳಿದರು. ಹೊರಲೋಕಕ್ಕೆ ಈ ಅವಘಡದ ಸುದ್ದಿಯನ್ನು ಸೋವಿಯತ್ ಸರ್ಕಾರ ಆಗ ಹೇಳಲಿಲ್ಲ. ಆರು ತಿಂಗಳಲ್ಲಿ ಮತ್ತೆ ಅದೇ ಬಗೆಯ ಆಸನದಲ್ಲಿ, ನಮ್ಮ ಶರ್ಮಾ ಜೊತೆಗೆ, ಬೆಲ್ಟು ಬಿಗಿದುಕೊಂಡ ಮನುಷ್ಯನ ಮುಖದಲ್ಲಿ ಆ ಸಂಜೆ ಏನಿತ್ತೋ!

ಸ್ಪೇಸ್ ಷಟಲ್ ನೌಕೆಗಳ ಕಾಲದಲ್ಲಿ ಅಮೆರಿಕದಲ್ಲಿ ಹಳೆಯ ಪದ್ಧತಿಯೇ ಮುಂದುವರಿಯಿತು. ಸಿಬ್ಬಂದಿ ಕ್ಯಾಮೆರಾ ಕಟ್ಟಿಕೊಂಡು ಮುದ್ರಿಸುತ್ತಿದ್ದರು, ಇಳಿದು ಬಂದ ಮೇಲೆ ತೋರಿಸುತ್ತಿದ್ದರು. 1986ರ ಜನವರಿ 28ರಂದು ಚಾಲೆಂಜರ್ ಷಟಲ್ 73ನೇ ಸೆಕೆಂಡಿನಲ್ಲಿ ಛಿದ್ರವಾದಾಗ ಹೊರಗಿನ ಚಿತ್ರವನ್ನು ಶಾಲೆಗಳ ಮಕ್ಕಳೂ ಕೂತು ನೋಡುತ್ತಿದ್ದರು. ಒಳಗಿನದು ಯಾರಿಗೂ ಕಾಣಲಿಲ್ಲ. ಏಳು ಜನ ಆ ಕ್ಷಣದಲ್ಲೇ ತೀರಿಕೊಂಡರೇ ಎಂಬ ಪ್ರಶ್ನೆಗೆ ತಿಂಗಳುಗಟ್ಟಲೆ ಉತ್ತರವಿರಲಿಲ್ಲ. ಸಮುದ್ರದಿಂದ ಎತ್ತಿದ ಅವಶೇಷಗಳಲ್ಲಿ ನಾಲ್ಕು ತುರ್ತು ಗಾಳಿ ಪೊಟ್ಟಣಗಳು ಸಿಕ್ಕವು. ಅವುಗಳಲ್ಲಿ ಮೂರನ್ನು ಕೈಯಿಂದ ಚಾಲೂ ಮಾಡಲಾಗಿತ್ತು. ಅಂದರೆ ಯಾರೋ ಕೆಲವರು ಸ್ಫೋಟದ ನಂತರವೂ ಎಚ್ಚರವಿದ್ದರು. ಚಿತ್ರವಿಲ್ಲದ ಕಡೆ ಮೂರು ಸ್ವಿಚ್ಚುಗಳೇ ಸಾಕ್ಷಿ ನುಡಿಯಬೇಕಾಯಿತು.

ಕ್ಯಾಬಿನ್ನಿನ ಮಾತುಗಳನ್ನು ಮುದ್ರಿಸಿಕೊಂಡ ಟೇಪು ಸಿಕ್ಕಿತ್ತು. ನಾಸಾ ಅದರ ಬರಹರೂಪ ಕೊಟ್ಟಿತು, ಧ್ವನಿಯನ್ನು ಕೊಡಲಿಲ್ಲ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕೋರ್ಟಿಗೆ ಹೋಯಿತು. ಮಾಹಿತಿ ಸಾರ್ವಜನಿಕರದ್ದಲ್ಲವೇ ಎಂಬುದು ಪತ್ರಿಕೆಯ ವಾದ. ಸತ್ತವರ ದನಿ ಟಿ.ವಿ.ಗಳಲ್ಲಿ ಮತ್ತೆ ಮತ್ತೆ ಕೇಳಿಬರುವುದನ್ನು ಮನೆಯವರು ಸಹಿಸಬೇಕೇ ಎಂಬುದು ಎದುರು ಪ್ರಶ್ನೆ. ವರ್ಷಗಳ ಜಗ್ಗಾಟದ ನಂತರ ನ್ಯಾಯಾಲಯ 1991ರಲ್ಲಿ ಕುಟುಂಬಗಳ ಪರ ನಿಂತಿತು. ಪತ್ರಿಕೆಗಳಲ್ಲಿ ಬರೆಯುವವನಾಗಿಯೂ ನಾನು ಆ ತೀರ್ಪನ್ನು ಒಪ್ಪುತ್ತೇನೆ. ಏನಾಯಿತು ಎಂದು ತಿಳಿಯುವ ಹಕ್ಕು ಎಲ್ಲರದು. ಕೊನೆಯ ಉಸಿರಿನ ದನಿ ಹೆಂಡತಿ ಮಕ್ಕಳದು.

ಚಾಲೆಂಜರ್ ದುರಂತದ ಹದಿನೇಳು ವರ್ಷಗಳ ಬಳಿಕ ಇನ್ನೊಂದು ಟೇಪು ಬೇರೆ ರೀತಿಯಲ್ಲಿ ಬಂತು. 2003ರ ಫೆಬ್ರುವರಿ 1ರಂದು ಕೊಲಂಬಿಯಾ ಷಟಲ್ ಮರಳಿ ಬರುವಾಗ ಟೆಕ್ಸಾಸ್ ಆಕಾಶದಲ್ಲಿ ಒಡೆದು ಚೂರಾಯಿತು. ಹತ್ತಾರು ಸಾವಿರ ಚೂರುಗಳ ನಡುವೆ, ಪ್ಯಾಲೆಸ್ಟೈನ್ ಎಂಬ ಊರಿನ ಹತ್ತಿರ, ಸುಟ್ಟ ಕ್ಯಾಸೆಟ್ಟೊಂದು ಹುಡುಕುವವರ ಕೈಗೆ ಸಿಕ್ಕಿತು. ಅದರಲ್ಲಿ ಸುಮಾರು 13 ನಿಮಿಷದ ಚಿತ್ರ ಉಳಿದಿತ್ತು. ರಿಕ್ ಹಸ್ಬೆಂಡ್, ವಿಲಿಯಂ ಮೆಕೂಲ್, ಲಾರೆಲ್ ಕ್ಲಾರ್ಕ್ ಮತ್ತು ನಮ್ಮ ಕರ್ನಾಲ್‌ನ ಕಲ್ಪನಾ ಚಾವ್ಲಾ. ಕೈಗವಸು ಹಾಕಿಕೊಳ್ಳುತ್ತಾರೆ, ಹೊರಗಿನ ಕಿತ್ತಳೆ ಬೆಳಕನ್ನು ಕಂಡು ಮೆಚ್ಚಿಕೊಳ್ಳುತ್ತಾರೆ, ಕ್ಯಾಮೆರಾದತ್ತ ನಗುತ್ತಾರೆ. ತೊಂದರೆಯ ಮೊದಲ ಸುಳಿವಿಗೆ ಕೆಲವೇ ನಿಮಿಷಗಳಿರುವಾಗ ಟೇಪು ಮುಗಿಯುತ್ತದೆ, ಮುಂದಿನದು ಸುಟ್ಟುಹೋಗಿದೆ. ನಾಸಾ ಅದನ್ನು ಅದೇ ತಿಂಗಳ ಕೊನೆಗೆ ಬಿಡುಗಡೆ ಮಾಡಿತು. ತನಿಖೆಗೆ ಅದರಿಂದ ಹೆಚ್ಚೇನೂ ದಕ್ಕಲಿಲ್ಲ. ಆದರೂ ನೋಡಿದವರಿಗೆ ಒಂದು ಸಂಗತಿ ತಿಳಿಯಿತು: ಆ ಹೊತ್ತಿನವರೆಗೆ ಅವರು ಹೆದರಿರಲಿಲ್ಲ. ಕರ್ನಾಟಕ ಸರ್ಕಾರ ಯುವ ವಿಜ್ಞಾನಿ ಮಹಿಳೆಯರಿಗಾಗಿ ಕಲ್ಪನಾ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿದ್ದು ಮರುವರ್ಷ.

ಅದೇ 2003ರ ಅಕ್ಟೋಬರ್ 15ರಂದು ಚೀನಾದ ಯಾಂಗ್ ಲಿವೇಯ್ ಶೆಂಜೌ-5ರಲ್ಲಿ ಹಾರಿದರು. ಏನಾದರೂ ಹೆಚ್ಚುಕಡಿಮೆಯಾದರೆ ಎಂಬ ಅಂಜಿಕೆಯಿಂದ ಉಡಾವಣೆಯ ನೇರ ಪ್ರಸಾರವನ್ನು ಅಲ್ಲಿಯ ಸರ್ಕಾರ ಕೈಬಿಟ್ಟಿತ್ತು. ನಿಯಂತ್ರಣ ಕೊಠಡಿಯ ದೊಡ್ಡ ಪರದೆಯಲ್ಲಿ ಮಾತ್ರ ಯಾಂಗ್ ಮುಖ ಕಾಣುತ್ತಿತ್ತು. ರಾಕೆಟ್ ಮೂವತ್ತು ನಲವತ್ತು ಕಿಲೋಮೀಟರ್ ಎತ್ತರ ತಲುಪಿದಾಗ ಅದರಲ್ಲಿ ತೀವ್ರ ಕಂಪನ ಹುಟ್ಟಿತು. ಅದು ಮನುಷ್ಯನ ಒಳಾಂಗಗಳ ಸಹಜ ಕಂಪನಕ್ಕೆ ಹತ್ತಿರವಾದ, ತೀರ ನಿಧಾನಗತಿಯ ಕಂಪನ. ಮೊದಲೇ ಮೈಮೇಲೆ ಹಲವು ಪಟ್ಟು ಭಾರ. ಕರುಳೆಲ್ಲ ಒಡೆದು ಚೂರಾಗುತ್ತಿವೆ, ಇನ್ನು ತಡೆಯಲಾರೆ ಎನಿಸಿತು ಎಂದು ಯಾಂಗ್ ಆಮೇಲೆ ತಮ್ಮ ಆತ್ಮಕಥೆಯಲ್ಲಿ ಬರೆದರು. ಅದು ನಡೆದದ್ದು 26 ಸೆಕೆಂಡು.

ನೆಲದಲ್ಲಿದ್ದವರಿಗೆ ಇದ್ಯಾವುದೂ ಗೊತ್ತಿಲ್ಲ. ಪರದೆಯ ಮೇಲೆ ಯಾಂಗ್ ಮುಖ ಕಲ್ಲಿನಂತೆ ನಿಂತಿತ್ತು. ಕಣ್ಣು ಮಿಟುಕುತ್ತಿಲ್ಲ. ಚಿತ್ರ ಸಿಕ್ಕಿಹಾಕಿಕೊಂಡಿದೆಯೋ, ಮನುಷ್ಯನೇ ಇಲ್ಲವಾದನೋ? ಕೊಠಡಿಯಲ್ಲಿ ಒಬ್ಬರೂ ಮಾತಾಡಲಿಲ್ಲ. ಮೂರು ನಿಮಿಷ ಇಪ್ಪತ್ತು ಸೆಕೆಂಡು ಕಳೆದಾಗ ರಾಕೆಟ್ಟಿನ ತಲೆಯ ಹೊದಿಕೆ ಕಳಚಿತು, ಕಿಟಕಿಯಿಂದ ಸೂರ್ಯನ ಬೆಳಕು ನೇರ ಕಣ್ಣಿಗೆ ಬಿತ್ತು. ಯಾಂಗ್ ರೆಪ್ಪೆ ಬಡಿದರು. ಕಣ್ಣು ಮಿಟುಕಿಸಿದ, ಬದುಕಿದ್ದಾನೆ ಎಂದು ಯಾರೋ ಕೂಗಿದರು; ಇಡೀ ಕೊಠಡಿ ಚಪ್ಪಾಳೆಯಲ್ಲಿ ಮುಳುಗಿತು. ಯಾಂಗ್ ಮರಳಿ ಬಂದು ವಿವರಿಸಿದ ಮೇಲೆ ಎಂಜಿನಿಯರುಗಳು ಕಂಪನದ ಮೂಲ ಹುಡುಕಿ, ಮುಂದಿನ ಯಾನಗಳಿಗಾಗಿ ರಾಕೆಟ್ಟನ್ನು ತಿದ್ದಿದರು. ಎರಡು ವರ್ಷದ ನಂತರ ಶೆಂಜೌ-6 ಹೊರಟಾಗ ಚೀನಾದ ಜನ ಅದನ್ನು ನೇರವಾಗಿ ನೋಡಿದರು.

ಅಮೆರಿಕದ ನೆಲದಿಂದ ಕ್ಯಾಬಿನ್ನಿನ ಒಳನೋಟ ಸ್ಪಷ್ಟವಾಗಿ, ನೇರವಾಗಿ ಜನಕ್ಕೆ ಸಿಕ್ಕಿದ್ದು 2020ರ ಮೇ 30ರಂದು, ಬಾಬ್ ಬೆನ್ಕೆನ್ ಮತ್ತು ಡಗ್ ಹರ್ಲಿ ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್ ನೌಕೆಯಲ್ಲಿ ಹೊರಟಾಗ. ಸೊಯುಜ್ ಸಿಬ್ಬಂದಿ ಕ್ಯಾಮೆರಾದ ಎದುರು ದಾರ ಕಟ್ಟಿ ಪುಟ್ಟ ಗೊಂಬೆ ತೂಗುಬಿಡುವ ರೂಢಿ ಬಹುಕಾಲದ್ದು. ಎಂಜಿನ್ ನಿಂತೊಡನೆ ಗೊಂಬೆ ತೇಲುತ್ತದೆ. ಡ್ರ್ಯಾಗನ್‌ನಲ್ಲೂ ಆ ರೂಢಿ ಹಿಡಿಯಿತು. 2025ರ ಜೂನ್ 25ರ ಮಧ್ಯಾಹ್ನ ಹಾಗೆ ತೇಲಿದ್ದು ‘ಜಾಯ್’ ಎಂಬ ಹಂಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ, ಇದೇ ಊರಿನ ಇಸ್ರೋ ಕೇಂದ್ರದಲ್ಲಿ ತರಬೇತಿ ಪಡೆದ ಶುಭಾಂಶು ಶುಕ್ಲಾ, ಹೊರಟ ಕೆಲವೇ ನಿಮಿಷಗಳಲ್ಲಿ ಹಿಂದಿಯಲ್ಲಿ ದೇಶಕ್ಕೆ ನಮಸ್ಕಾರ ಹೇಳಿದರು. ಲಖನೌದಲ್ಲಿ ಅವರ ಹೆತ್ತವರು, ಇಲ್ಲಿ ನಾವು, ಒಂದೇ ಚಿತ್ರವನ್ನು ನೋಡುತ್ತಿದ್ದೆವು. 1984ರಲ್ಲಿ ಇಷ್ಟು ಹತ್ತಿರದಿಂದ ನೋಡುವ ಭಾಗ್ಯ ನಮಗಿರಲಿಲ್ಲ.

ಮುಂದಿನದು ಗಗನಯಾನ. ಶ್ರೀಹರಿಕೋಟಾದಿಂದ ನಮ್ಮದೇ ರಾಕೆಟ್ಟಿನಲ್ಲಿ ನಮ್ಮವರು ಹೊರಡುವ ದಿನ ಕ್ಯಾಬಿನ್ನಿನ ಚಿತ್ರವನ್ನು ದೇಶಕ್ಕೆ ನೇರವಾಗಿ ತೋರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಡವಟ್ಟಾದರೆ ಎಂದು ಕೇಳುವವರಿಗೆ ಇಸ್ರೋದ ನಡೆಯೇ ಉತ್ತರ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೊಠಡಿಯಿಂದ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯುವುದನ್ನು ನೇರವಾಗಿ ತೋರಿಸಲಾಗಿತ್ತು. ಸಂಪರ್ಕ ಕಡಿಯಿತು ಎಂಬ ಘೋಷಣೆಗೆ ಮುನ್ನವೇ ಅಲ್ಲಿ ಕೂತವರ ಮುಖ ನೋಡಿ ನಾಡಿಗೆಲ್ಲ ತಿಳಿದಿತ್ತು. ಅದರಿಂದ ಇಸ್ರೋ ಮೇಲಿನ ಪ್ರೀತಿ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. 2023ರ ಅಕ್ಟೋಬರ್ 21ರಂದು ಗಗನಯಾನದ ಪಾರುಮಾಡುವ ವ್ಯವಸ್ಥೆಯ ಪರೀಕ್ಷೆ ಕೊನೆಯ 5 ಸೆಕೆಂಡಿನಲ್ಲಿ ನಿಂತುಹೋದದ್ದೂ ನೇರ ಪ್ರಸಾರದಲ್ಲೇ. ಕಾರಣ ಹೇಳಿದರು, ಸರಿಪಡಿಸಿದರು, ಅದೇ ಬೆಳಿಗ್ಗೆ ಹಾರಿಸಿದರು.

ಮನುಷ್ಯರಿರುವಾಗ ಮಾತು ಬೇರೆ ಎನ್ನಬಹುದು. ಅದೂ ನಡೆದುಹೋಗಿದೆ. 2018ರ ಅಕ್ಟೋಬರ್ 11ರಂದು ಅಲೆಕ್ಸೇಯ್ ಒವ್ಚಿನಿನ್ ಮತ್ತು ನಿಕ್ ಹೇಗ್ ಬೈಕನೂರಿನಿಂದ ಸೊಯುಜ್ ಎಂಎಸ್-10ರಲ್ಲಿ ಹೊರಟಾಗ ಕ್ಯಾಬಿನ್ನಿನ ಚಿತ್ರ ನೇರವಾಗಿ ಪ್ರಸಾರವಾಗುತ್ತಿತ್ತು. ಎರಡು ನಿಮಿಷದ ಹೊತ್ತಿಗೆ, ಪಕ್ಕದ ನಾಲ್ಕು ರಾಕೆಟ್ಟುಗಳು ಕಳಚಬೇಕಾದಾಗ ಒಂದು ಸರಿಯಾಗಿ ಕಳಚದೆ ನಡುವಿನ ರಾಕೆಟ್ಟಿಗೆ ಬಡಿಯಿತು. ಜೋಡಿಸುವಾಗ ಬಾಗಿದ್ದ ಒಂದು ಸೆನ್ಸರ್ ಕಡ್ಡಿ ಕಾರಣ. ಇಬ್ಬರೂ ಆಸನದಲ್ಲಿ ರಪರಪನೆ ಕುಲುಕಾಡಿದ್ದನ್ನು ಜಗತ್ತು ನೋಡಿತು. ನಿಯಂತ್ರಕರು ಆ ಚಿತ್ರವನ್ನು ತೆಗೆದು ಗ್ರಾಫಿಕ್ಸ್ ಹಾಕಿದರು, ಆದರೆ ಒವ್ಚಿನಿನ್ ದನಿ ಕೇಳುತ್ತಲೇ ಇತ್ತು. ರಾಕೆಟ್ ಕೆಟ್ಟಿದೆ ಎಂದು ಅವರು ಹೊತ್ತಿನ ಸಮೇತ ವರದಿ ಮಾಡಿದರು, ಸ್ವರ ಒಂದಿಷ್ಟೂ ಏರದೆ. ನೌಕೆ 93 ಕಿಲೋಮೀಟರ್ ಎತ್ತರದವರೆಗೆ ಹೋಗಿ, 6.7 ಪಟ್ಟು ಭಾರದಲ್ಲಿ ಕೆಳಗಿಳಿದು, ಝೆಜ್‌ಕಾಜ್‌ಗನ್ ಹತ್ತಿರದ ಹುಲ್ಲುಗಾವಲಿನಲ್ಲಿ ಪ್ಯಾರಾಚೂಟಿನಿಂದ ಇಳಿಯಿತು. ಅಂದೇ ಅವರು ಬೈಕನೂರಿನಲ್ಲಿ ಮನೆಯವರನ್ನು ಅಪ್ಪಿಕೊಂಡರು. ರಾಕೆಟ್ಟಿನ ಮೇಲೆ ಕೂರಿಸಿದ್ದ ಕ್ಯಾಮೆರಾದ ದೃಶ್ಯವನ್ನು, ಡಿಕ್ಕಿಯ ಸಮೇತ, ಮೂರು ವಾರದೊಳಗೆ ರಷ್ಯಾ ತಾನಾಗಿಯೇ ಬಿಡುಗಡೆ ಮಾಡಿತು. ಸ್ತ್ರೆಕಾಲೊವ್ ಪಾರಾದ ರಾತ್ರಿಯನ್ನು ಮುಚ್ಚಿಟ್ಟ ನೆಲವೇ ಇದು.

ಐದು ತಿಂಗಳ ಬಳಿಕ, 2019ರ ಮಾರ್ಚ್ 14ರಂದು, ಅದೇ ಒವ್ಚಿನಿನ್ ಮತ್ತು ಹೇಗ್, ಜೊತೆಗೆ ಕ್ರಿಸ್ಟಿನಾ ಕೋಕ್, ಸೊಯುಜ್ ಎಂಎಸ್-12ರಲ್ಲಿ ಹೊರಟರು. ಒಳಗಿನ ಕ್ಯಾಮೆರಾ ಈ ಸಲವೂ ಚಾಲೂ ಇತ್ತು, ಪ್ರಸಾರವೂ ಇತ್ತು. ಸುಮಾರು ಆರು ಗಂಟೆಗಳಲ್ಲಿ ಮೂವರೂ ಅಂತರರಾಷ್ಟ್ರೀಯ ನಿಲ್ದಾಣ ತಲುಪಿದರು.